ಮೊದಲು ಕೇಳಿದ್ದು ಎರಡನೆಯದು

ಗ್ಲಾಸ್ಗೋದ ಬೆಲ್ ಅಂಡ್ ಸೆಬಾಸ್ಟಿಯನ್ ಎಂಬ ಸಂಗೀತ ತಂಡದ ಎರಡನೆಯ ಆಲ್ಬಮ್ಮನ್ನು ನಾನು ಮೊದಲು ಕೇಳಿದೆ, ಮೊದಲನೆಯದನ್ನು ಆಮೇಲೆ. 1997ರಲ್ಲಿ ಗ್ಲಾಸ್ಗೋಗೆ ಬಂದು ಈ ತಂಡದ ಗುಂಗು ಹಿಡಿಸಿಕೊಂಡ ಎಷ್ಟೋ ಜನರ ಕಥೆಯೂ ಇದೇ. ಮೊದಲ ಆಲ್ಬಮ್ 'ಟೈಗರ್‌ಮಿಲ್ಕ್' ಅಚ್ಚಾಗಿದ್ದೇ ಒಂದು ಸಾವಿರ ಪ್ರತಿ, ಅದೂ ಬರೀ ಎಲ್‌ಪಿ. 1996ರ ಜೂನ್ 6ರಂದು ಹೊರಬಂದ ಅದು ನಾನು ಆ ಊರಿಗೆ ಕಾಲಿಡುವ ಹೊತ್ತಿಗೆ ಅಂಗಡಿಗಳಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಅದೇ ವರ್ಷದ ನವೆಂಬರ್ 18ರಂದು ಬಂದ 'ಇಫ್ ಯೂ ಆರ್ ಫೀಲಿಂಗ್ ಸಿನಿಸ್ಟರ್' ಮಾತ್ರ ಕೈಗೆ ಸಿಗುತ್ತಿತ್ತು. ಎರಡರ ನಡುವೆ ಇರುವುದು ಐದು ತಿಂಗಳು ಚಿಲ್ಲರೆ. ಅಷ್ಟರೊಳಗೆ ಆ ತಂಡದಲ್ಲಿ ಏನು ಬದಲಾಯಿತು ಎನ್ನುವುದನ್ನು ನಾನೂ ನನ್ನ ತಮ್ಮನೂ ಇಷ್ಟು ವರ್ಷಗಳಿಂದ ಮಾತಾಡಿಕೊಂಡು ಬಂದಿದ್ದೇವೆ.

ನಾನು ಆಗ ಹೊರದೇಶದ ಡಾಕ್ಟರುಗಳು ಬ್ರಿಟನ್ನಿನಲ್ಲಿ ಕೆಲಸ ಮಾಡಲು ಬರೆಯುವ ಪ್ಲ್ಯಾಬ್ ಪರೀಕ್ಷೆ ಮುಗಿಸಿ ಸ್ಕಾಟ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಕಿರಿಯ ಡಾಕ್ಟರಾಗಿ ಸೇರಿದ್ದೆ. ಹಾಸನದಿಂದ ಬೆಂಗಳೂರಿಗೆ ಓದಲು ಬಂದಾಗಲೇ ಮನೆಯ ನೆನಪಿಗೆ ಕಣ್ಣೀರು ಹಾಕಿದವಳು, ಸೆಪ್ಟೆಂಬರಿನಲ್ಲಿ ಬಂದಿಳಿದ ಆ ಊರಿಗೆ ಹೇಗೆ ಹೊಂದಿಕೊಂಡೆನೋ. ಊರು ಮಾತ್ರ ಮೊದಲ ವಾರದಿಂದಲೇ ಇಷ್ಟವಾಯಿತು. ಸ್ಕಾಟ್ಲೆಂಡಿಗೆ ತನ್ನದೇ ಪಾರ್ಲಿಮೆಂಟು ಬೇಕೇ ಎಂದು ಜನಮತ ಕೇಳಿದ ತಿಂಗಳು ಅದು. ಬಸ್ಸಿನಲ್ಲಿ, ಲಾಂಡ್ರಿಯಲ್ಲಿ, ಚಹಾದ ಸರದಿಯಲ್ಲಿ ಎಲ್ಲರೂ ಅದನ್ನೇ ಮಾತಾಡುತ್ತಿದ್ದರು. ಕೆಂಪು ಮತ್ತು ಜೇನುಬಣ್ಣದ ಕಲ್ಲಿನ ನಾಲ್ಕಂತಸ್ತಿನ ಹಳೆಯ ಮನೆಗಳು, ಕೆಲ್ವಿನ್ ಹೊಳೆ, ವಿಶ್ವವಿದ್ಯಾಲಯದ ಗೋಪುರ, ಬೈರ್ಸ್ ರೋಡಿನ ಜನಸಂದಣಿ. ಆ ರಸ್ತೆಯ ಜಾನ್ ಸ್ಮಿತ್ ಪುಸ್ತಕದಂಗಡಿಯ ಒಳಗೇ ರೆಕಾರ್ಡುಗಳ ವಿಭಾಗವೊಂದಿತ್ತು. ಪುಸ್ತಕ ನೋಡಲು ಹೋದವರು ಹಾಡು ಕೊಂಡು ಬರುವ ಜಾಗ ಅದು.

ನನಗೆ ಈ ಹಾಡುಗಳ ಪರಿಚಯ ಮಾಡಿಸಿದ್ದು ನಮ್ಮ ವಾರ್ಡಿನ ಸ್ಟಾಫ್ ನರ್ಸ್. ರಾತ್ರಿ ಪಾಳಿಯಲ್ಲಿ ರೋಗಿಗಳೆಲ್ಲ ಮಲಗಿದ ಮೇಲೆ ನಾನು ಕೇಸ್ ಶೀಟು ಬರೆಯುತ್ತ ಏನನ್ನೋ ಗುನುಗುತ್ತಿದ್ದೆ. 'ನಿತ್ಯೋತ್ಸವ' ಕ್ಯಾಸೆಟ್ಟಿನ ಯಾವುದೋ ಹಾಡಿರಬೇಕು. ಅದು ಯಾವ ಥರದ ಸಂಗೀತ ಎಂದು ಆಕೆ ಕೇಳಿದರು. ಭಾವಗೀತೆ ಎಂದರೇನು ಎಂದು ನನಗೆ ತಿಳಿದಷ್ಟು ವಿವರಿಸಿದೆ: ಕವಿ ಬರೆದ ಪದ್ಯ, ಅದರ ಮಾತು ಮುಚ್ಚಿಹೋಗದ ಹಾಗೆ ಹಾಕಿದ ಧಾಟಿ, ಹಿಂದೆ ಒಂದಿಷ್ಟು ವಾದ್ಯ, ಮುಂದೆ ದನಿ. 1978ರಲ್ಲಿ ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವಿತೆಗಳಿಗೆ ಹಾಡು ಕಟ್ಟಿ ಕ್ಯಾಸೆಟ್ಟು ತಂದಾಗಿನಿಂದ ಅದು ನಮ್ಮ ಮನೆಮನೆಯಲ್ಲೂ ಇದೆ ಎಂದೆ. ಮರುದಿನ ಆಕೆ ಒಂದು ಸಿ.ಡಿ. ತಂದು ಕೈಯಲ್ಲಿಟ್ಟರು. ಮುಖಪುಟ ಇಡೀ ಕೆಂಪು ಛಾಯೆಯ ಫೋಟೊ, ಅದರಲ್ಲಿ ಒಬ್ಬ ಹೆಣ್ಣುಮಗಳು. ಹಾಡುಗಾರರ ಚಿತ್ರ ಎಲ್ಲೂ ಇಲ್ಲ. "ನೀವು ಹೇಳಿದ್ದಕ್ಕೆ ನಮ್ಮೂರಿನಲ್ಲಿ ಹತ್ತಿರವಾದದ್ದು ಇದೇ ಅನ್ನಿಸಿತು" ಎಂದರು.

ಆಕೆ ಹೇಳಿದ್ದು ನಿಜವಾಗಿತ್ತು. ಬ್ರಿಟನ್ನಿನ ರೇಡಿಯೊ ತುಂಬ ಗಿಟಾರಿನ ಅಬ್ಬರವಿದ್ದ ಕಾಲ ಅದು. 1996ರ ಆಗಸ್ಟಿನಲ್ಲಿ ಓಯಸಿಸ್ ತಂಡ ನೆಬ್‌ವರ್ತ್ ಮೈದಾನದಲ್ಲಿ ಎರಡು ದಿನ ಹಾಡಿದಾಗ ಸೇರಿದವರು ಎರಡೂವರೆ ಲಕ್ಷ ಜನ. 'ಟೈಗರ್‌ಮಿಲ್ಕ್' ಸಾವಿರ ಪ್ರತಿ ಬಂದದ್ದು ಅದಕ್ಕೆ ಎರಡು ತಿಂಗಳ ಹಿಂದೆ. ಒಂದೇ ಬೇಸಿಗೆ, ಒಂದೇ ದೇಶ. ಅಷ್ಟು ದೊಡ್ಡ ಗದ್ದಲದ ನಡುವೆ ಇಷ್ಟು ಸಣ್ಣ ದನಿಯಲ್ಲಿ ಹಾಡಲು ಧೈರ್ಯ ಬೇಕು.

ಮೊದಲ ಹಾಡು 'ದಿ ಸ್ಟಾರ್ಸ್ ಆಫ್ ಟ್ರ್ಯಾಕ್ ಅಂಡ್ ಫೀಲ್ಡ್' ಶುರುವಾದಾಗ ಸಿ.ಡಿ. ಕೆಟ್ಟಿದೆಯೇನೋ ಎಂದು ವಾಲ್ಯೂಮ್ ಏರಿಸಿದೆ. ಗಿಟಾರು, ಅದರ ಪಕ್ಕದಲ್ಲಿ ಕಿವಿಯ ಹತ್ತಿರ ಬಂದು ಹೇಳುವಂಥ ದನಿ, ಅಷ್ಟೆ. ಹಾಡು ಸಾಗುತ್ತ ಒಂದೊಂದೇ ವಾದ್ಯ ಬಂದು ಸೇರಿಕೊಳ್ಳುತ್ತದೆ. ಯಾವುದು ಯಾವಾಗ ಬಂತು ಎಂದು ಗುರುತಿಸುವುದೇ ಕಷ್ಟ. ಕೊನೆಗೆ ಟ್ರಂಪೆಟ್ಟು ಎದ್ದಾಗ ಪಕ್ಕದ ರೂಮಿನವರು ಗೋಡೆ ಬಡಿದಾರೆಂದು ಓಡಿಹೋಗಿ ವಾಲ್ಯೂಮ್ ಇಳಿಸಬೇಕಾಯಿತು. ಶಾಲೆಯ ಆಟದ ಮೈದಾನದಲ್ಲಿ ಓಡಿ ಗೆಲ್ಲುವ ಚೆಂದದ ಹುಡುಗ ಹುಡುಗಿಯರನ್ನು ಬದಿಯಲ್ಲಿ ನಿಂತು ನೋಡುವವನ ಹಾಡದು. ಅಸೂಯೆ ಇದೆ, ಮೆಚ್ಚುಗೆಯೂ ಇದೆ.

ಶೀರ್ಷಿಕೆಯ ಹಾಡು ಬಂದಾಗ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟೆ. ಆರಂಭದಲ್ಲಿ ಮಕ್ಕಳು ಆಡುವ ಸದ್ದು ಇದೆ. ಶಾಲೆಯ ಬಯಲಿನಿಂದ ಎಲ್ಲ ದೇಶದಲ್ಲೂ ಒಂದೇ ಥರ ಕೇಳುವ ಕಲರವ. ಅದರ ಮೇಲೆ ಆಂಥೊನಿ ಮತ್ತು ಹಿಲರಿ ಎಂಬಿಬ್ಬರ ಕಥೆ. ಬದುಕು ಬೇಸರವಾದ ಎಳೆಯರು ಇಬ್ಬರೂ. ಉತ್ತರ ಕೇಳಿಕೊಂಡು ಚರ್ಚಿಗೆ ಹೋದರೆ ಪಾದ್ರಿಯ ಬಳಿ ಉತ್ತರವಿಲ್ಲ. ಇಂಥ ವಿಷಯಕ್ಕೆ ಯಾರಾದರೂ ಶೋಕದ ಧಾಟಿ ಹಾಕುತ್ತಾರೆ. ಇಲ್ಲಿ ಧಾಟಿ ಹಗುರ, ನಡೆಯುತ್ತ ಗುನುಗುವಂಥದ್ದು. ಮಾತು ಒಂದು ಕಡೆ, ರಾಗ ಒಂದು ಕಡೆ ಎಳೆಯುತ್ತಿದ್ದರೂ ಹಾಡು ಹರಿದುಹೋಗುವುದಿಲ್ಲ. ಮಾತಿಗೆ ಮೊದಲ ಮಣೆ ಹಾಕುವ ಸಂಗೀತದಲ್ಲೇ ಬೆಳೆದ ನನ್ನ ಕಿವಿಗೆ ಇದು ಪರದೇಶದ ಹಾಡು ಅನ್ನಿಸಲಿಲ್ಲ.

ಆ ಸಿ.ಡಿ.ಯನ್ನು ಟೇಪಿಗೆ ಇಳಿಸಿ ಹಾಸನಕ್ಕೆ ಕಳಿಸಿದೆ. ತಮ್ಮ ಆಗ ಕಾಲೇಜು ಮುಗಿಸಿ ಊರಿನ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆ ರಿಸೆಪ್ಷನ್ನು, ಕರೆದಲ್ಲಿಗೆ ಹೋಗಿ ರಾಜ್‌ಕುಮಾರ್ ಹಾಡುಗಳಿಂದ ಹಿಡಿದು ಹಂಸಲೇಖರವರೆಗೆ ನುಡಿಸುವ ತಂಡ. ಭಾನುವಾರ ಐಎಸ್‌ಡಿ ಫೋನಿನಲ್ಲಿ ಸಿಕ್ಕಾಗ ಅವನು ಹೇಳಿದ ಮೊದಲ ಮಾತು ಈಗಲೂ ನೆನಪಿದೆ: "ಅಕ್ಕ, ಇವರಲ್ಲಿ ಯಾರೂ ಮುಂದೆ ಬಂದು ನಿಲ್ತಾನೇ ಇಲ್ವಲ್ಲ! ಏಳು ಜನ ಇದಾರೆ ಅಂತೀಯ, ಒಬ್ರದೂ ಜೋರಿಲ್ಲ."

ಅವನಿಗೆ ಬೇಸರವಾಗಿದೆಯೋ ಮೆಚ್ಚಿದ್ದಾನೋ ಗೊತ್ತಾಗಲಿಲ್ಲ. ಮುಂದಿನ ಭಾನುವಾರದ ಹೊತ್ತಿಗೆ 'ಸೀಯಿಂಗ್ ಅದರ್ ಪೀಪಲ್' ಹಾಡಿನ ಪಿಯಾನೊ ಅವನಿಗೆ ಬಾಯಿಪಾಠವಾಗಿತ್ತು.

ಈ ತಂಡ ಹುಟ್ಟಿದ ಬಗೆ ನನಗೆ ಬಿಡಿಬಿಡಿಯಾಗಿ ತಿಳಿಯುತ್ತ ಹೋಯಿತು. ಆ ಊರಿನಲ್ಲಿ ಎಲ್ಲರಿಗೂ ಅದರ ಒಂದೊಂದು ತುಣುಕು ಗೊತ್ತಿತ್ತು. ಹಾಡು ಬರೆದು ಹಾಡುವವನು ಸ್ಟುವರ್ಟ್ ಮರ್ಡಾಕ್, ಏರ್ ಎಂಬ ಕಡಲತೀರದ ಊರಿನವನು. ಯುನಿವರ್ಸಿಟಿಯಲ್ಲಿ ಓದುತ್ತಿದ್ದಾಗ ಎಂ.ಇ. ಎಂದು ಕರೆಯುವ, ಮೈಯ ಶಕ್ತಿಯನ್ನೆಲ್ಲ ಬಸಿದುಬಿಡುವ ಕಾಯಿಲೆ ಹಿಡಿಯಿತು. ಓದು ನಿಂತಿತು, ಕೆಲಸವಿಲ್ಲ, ಸುಮಾರು ಏಳು ವರ್ಷ ಹಾಗೇ ಕಳೆಯಿತು. ಆ ವರ್ಷಗಳಲ್ಲೇ ಪಿಯಾನೊದ ಮುಂದೆ ಕೂತು ಹಾಡು ಕಟ್ಟತೊಡಗಿದ. ಸ್ವಲ್ಪ ಚೇತರಿಸಿಕೊಂಡ ಮೇಲೆ ಊರಿನ ಬಸ್ಸುಗಳಲ್ಲಿ ಗೊತ್ತುಗುರಿಯಿಲ್ಲದೆ ತಿರುಗುತ್ತ, ಕಿಟಕಿಯಾಚೆ ಕಂಡವರನ್ನೆಲ್ಲ ಹಾಡಿನೊಳಗೆ ಕರೆದುಕೊಂಡ. ಹಿಂಡ್‌ಲ್ಯಾಂಡ್ ಬಡಾವಣೆಯ ಚರ್ಚಿನ ಹಾಲ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅದರ ಮೇಲಿನ ಮನೆಯಲ್ಲೇ ವಾಸ. ಚರ್ಚಿನ ಗಾಯನವೃಂದದಲ್ಲೂ ಹಾಡುತ್ತಿದ್ದ. ನಾನಿದ್ದ ಕಡೆಯಿಂದ ಆ ಚರ್ಚು ನಡೆದು ಹೋಗುವಷ್ಟು ದೂರ. ಎಷ್ಟೋ ಸಲ ಅದರ ಮುಂದೆ ಹಾದು ಹೋಗಿದ್ದೇನೆ. ಒಳಗೆ ಹೋಗಿ ಮಾತಾಡಿಸಬೇಕು ಅನ್ನಿಸಲಿಲ್ಲ. ತನ್ನ ಫೋಟೊವನ್ನೇ ಹೊರಗೆ ಕೊಡದವನ ಬಾಗಿಲು ತಟ್ಟುವುದು ಸರಿಯಲ್ಲ.

ತಂಡ ಸೇರಿದ್ದು ಸರ್ಕಾರಿ ಕೋರ್ಸಿನಲ್ಲಿ ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಕೆಲಸವಿಲ್ಲದ ಸಂಗೀತಗಾರರಿಗೆಂದು ಬೀಟ್‌ಬಾಕ್ಸ್ ಎಂಬ ತರಬೇತಿ ನಡೆಯುತ್ತಿತ್ತು. ಅಲ್ಲಿ ಮರ್ಡಾಕನಿಗೆ ಬೇಸ್ ಗಿಟಾರಿನ ಸ್ಟುವರ್ಟ್ ಡೇವಿಡ್ ಸಿಕ್ಕಿದ. ಇಬ್ಬರೂ ಸೇರಿ ಮಾಡಿದ ಟೇಪು ಸ್ಟೋ ಕಾಲೇಜಿನವರ ಕಿವಿಗೆ ಬಿತ್ತು. ಆ ಕಾಲೇಜಿನಲ್ಲಿ ಸಂಗೀತದ ವ್ಯವಹಾರ ಕಲಿಸುವ ಕೋರ್ಸ್ ಇತ್ತು. ಅಸೋಸಿಯೇಟ್ಸ್ ತಂಡದಲ್ಲಿದ್ದ ಅಲನ್ ರ್‍ಯಾಂಕಿನ್ ಅಲ್ಲಿ ಪಾಠ ಹೇಳುತ್ತಿದ್ದರು. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳೇ ಎಲೆಕ್ಟ್ರಿಕ್ ಹನಿ ಎಂಬ ತಮ್ಮ ಲೇಬಲ್‌ನಿಂದ ಒಂದು ರೆಕಾರ್ಡು ತರುವುದು ವಾಡಿಕೆ. ಸಾಮಾನ್ಯವಾಗಿ ಅದು ಒಂದೆರಡು ಹಾಡಿನ ಸಿಂಗಲ್. ಮರ್ಡಾಕನ ಹತ್ತಿರ ಹಾಡುಗಳು ರಾಶಿ ಬಿದ್ದಿದ್ದವು, ಹಾಗಾಗಿ ಇಡೀ ಆಲ್ಬಮ್ಮನ್ನೇ ಮಾಡಿದರು. ಕಾ ವಾ ಸ್ಟುಡಿಯೊದಲ್ಲಿ ನಾಲ್ಕಾರು ದಿನದೊಳಗೆ ಕೆಲಸ ಮುಗಿಯಿತು. ಕಾಲೇಜಿನ ಪ್ರಾಜೆಕ್ಟ್ ವರ್ಕ್ ಆಗಿ ಹುಟ್ಟಿದ ಆಲ್ಬಮ್ ಅದು.

ಅದಕ್ಕೋಸ್ಕರ ಜನ ಕೂಡಿಸಬೇಕಾಯಿತು. ಡ್ರಮ್ಸ್‌ಗೆ ರಿಚರ್ಡ್ ಕೋಲ್ಬರ್ನ್ ಬಂದ, ಅವನೂ ಆ ಕಾಲೇಜಿನ ಕೋರ್ಸಿನವನೇ. ಸ್ಟೀವಿ ಜಾಕ್ಸನ್ ಗಿಟಾರು, ಕ್ರಿಸ್ ಗೆಡ್ಡಿಸ್ ಕೀಬೋರ್ಡು, ಇಸೊಬೆಲ್ ಕ್ಯಾಂಪ್‌ಬೆಲ್ ಚೆಲ್ಲೊ. ಟ್ರಂಪೆಟ್ಟಿಗೆ ಮಿಕ್ ಕುಕ್ ಬಂದು ನುಡಿಸಿ ಹೋದ. ಒಬ್ಬರ ಪರಿಚಯ ಒಬ್ಬರಿಗೆ ಆಗಷ್ಟೇ ಆಗುತ್ತಿತ್ತು.

ಈ 'ಟೈಗರ್‌ಮಿಲ್ಕ್' ನನಗೆ ಸಿಕ್ಕಿದ್ದು ಕಾಪಿಯ ಕಾಪಿ. ನರ್ಸಮ್ಮನ ತಂಗಿಯ ಗೆಳೆಯನಿಗೆ ಎಲ್‌ಪಿ ಇದ್ದ ಒಬ್ಬರು ಮಾಡಿಕೊಟ್ಟ ಕ್ಯಾಸೆಟ್ಟು, ಅದರಿಂದ ಮತ್ತೊಂದು, ಅದರಿಂದ ನನಗೊಂದು. ಹಾಡಿಗಿಂತ ಮೊದಲು ಸುಯ್ಯೆನ್ನುವ ಟೇಪಿನ ಸದ್ದು. ಹಾಡಿನ ಹೆಸರುಗಳನ್ನು ಹಸಿರು ಶಾಯಿಯಲ್ಲಿ ಬರೆದಿದ್ದರು, ಕೊನೆಯ ಹಾಡಿನ ಅರ್ಧ ಭಾಗ ಟೇಪು ಮುಗಿದು ತುಂಡಾಗಿತ್ತು. ಮೂಲ ಎಲ್‌ಪಿಯ ಒಂದೊಂದು ಪ್ರತಿಗೆ ನೂರಾರು ಪೌಂಡು ಕೊಡುವವರಿದ್ದ ಕಾಲ ಅದು. 1999ರಲ್ಲಿ ಜೀಪ್‌ಸ್ಟರ್ ಕಂಪನಿ ಅದನ್ನು ಮತ್ತೆ ಅಚ್ಚು ಹಾಕಿಸುವವರೆಗೂ ಊರೂರಿಗೆ ಹರಿದಾಡಿದ್ದು ಇಂಥ ಟೇಪುಗಳೇ. ಊರಿನಲ್ಲಿ ಅಂಗಡಿಗೆ ಚೀಟಿ ಬರೆದುಕೊಟ್ಟು ಹಾಡು ತುಂಬಿಸಿಕೊಂಡು ಬೆಳೆದವಳಿಗೆ ಅದು ಹೊಸತೇನಲ್ಲ.

'ದಿ ಸ್ಟೇಟ್ ಐ ಆಮ್ ಇನ್' ಎಂಬ ಮೊದಲ ಹಾಡಿನಲ್ಲೇ ಬರಹಗಾರ ಪೂರ್ತಿ ತಯಾರಾಗಿದ್ದಾನೆ. ತಂಗಿಯ ಮದುವೆಯ ದಿನವೇ ಮನೆಯವರಿಗೆ ತನ್ನ ಗುಟ್ಟು ಹೇಳಿಬಿಡುವ ಅಣ್ಣ, ತಪ್ಪೊಪ್ಪಿಗೆ ಕೇಳಿಸಿಕೊಂಡು ಅದನ್ನೇ ಕಾದಂಬರಿ ಮಾಡಿಬಿಡುವ ಪಾದ್ರಿ, ಒಂದು ಸಣ್ಣ ಕಥೆಗೆ ಆಗುವಷ್ಟು ಜನ ಐದು ನಿಮಿಷದಲ್ಲಿ ಬಂದು ಹೋಗುತ್ತಾರೆ. 'ಎಕ್ಸ್‌ಪೆಕ್ಟೇಶನ್ಸ್' ಹಾಡಿನಲ್ಲಿ ಶಾಲೆಯಲ್ಲಿ ಎಲ್ಲರಿಂದ ಕಾಟ ತಿನ್ನುವ ಹುಡುಗಿಯೊಬ್ಬಳು ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದವರ ಆಳೆತ್ತರದ ಮಣ್ಣಿನ ಗೊಂಬೆ ಮಾಡುತ್ತಾಳೆ. ಇದನ್ನು ಬರೆದವನು ಎರಡನೆಯ ಆಲ್ಬಮ್ಮಿನಲ್ಲಿ ಇನ್ನೂ ಚೆನ್ನಾಗಿ ಬರೆಯಲು ಕಲಿತ ಎಂದರೆ ನಾನು ಒಪ್ಪುವುದಿಲ್ಲ. ಎರಡೂ ಒಂದೇ ಕೈ, ಒಂದೇ ಹದ.

ವ್ಯತ್ಯಾಸ ಇರುವುದು ನುಡಿಸುವಿಕೆಯಲ್ಲಿ. 'ಟೈಗರ್‌ಮಿಲ್ಕ್' ಕೇಳುತ್ತಿದ್ದರೆ ಹಾಡು ಗೊತ್ತಿರುವವನು ಒಬ್ಬನೇ, ಉಳಿದವರು ಅವನ ಹಿಂದೆ ಹಿಂದೆ ಬರುತ್ತಿದ್ದಾರೆ ಅನ್ನಿಸುತ್ತದೆ. ಖುಷಿಯಿದೆ, ಆತುರವಿದೆ, ಹೊಸ ಸ್ನೇಹದ ಹುರುಪಿದೆ. ಡ್ರಮ್ಸಿಗೆ ಒಮ್ಮೊಮ್ಮೆ ದನಿಗಿಂತ ಮುಂದೆ ಹೋಗುವ ಅವಸರ. ನಡುವೆ 'ಎಲೆಕ್ಟ್ರಾನಿಕ್ ರಿನೇಸಾನ್ಸ್' ಎಂಬ ಹಾಡು ಬರುತ್ತದೆ, ಪೂರ್ತಿ ಸಿಂಥಸೈಜರು, ದನಿಯನ್ನೂ ಯಂತ್ರದೊಳಗಿಂದ ಹಾಯಿಸಿದ್ದಾರೆ. ಬೇರೆ ತಂಡದ ಹಾಡು ತಪ್ಪಿ ಈ ಕ್ಯಾಸೆಟ್ಟಿಗೆ ಸೇರಿಕೊಂಡಿತೇ ಎಂದುಕೊಂಡಿದ್ದೆ. ತಾವು ಯಾರು ಎಂಬುದು ಇನ್ನೂ ಇತ್ಯರ್ಥವಾಗದ ತಂಡ ಹಾಗೆ ಎಲ್ಲ ಬಾಗಿಲೂ ತಟ್ಟಿ ನೋಡುತ್ತದೆ. ನನಗೆ ಆ ಹಾಡು ಇಷ್ಟವೇ. ಆದರೆ 'ಸಿನಿಸ್ಟರ್'ನಲ್ಲಿ ಅದಕ್ಕೆ ಜಾಗ ಸಿಗುತ್ತಿರಲಿಲ್ಲ.

ಆ ಟೇಪನ್ನೂ ತಮ್ಮನಿಗೆ ಕಳಿಸಿದೆ. ಯಾವುದು ಮೊದಲು ಬಂದದ್ದು, ಯಾವುದು ಆಮೇಲೆ ಎಂದು ಬೇಕೆಂದೇ ಬರೆಯಲಿಲ್ಲ. ಅವನು ಫೋನಿನಲ್ಲಿ ಸೀದಾ ಹೇಳಿದ: "ಇದು ಹಳೇದು ಕಣಕ್ಕ. ಇದ್ರಲ್ಲಿ ಎಲ್ರೂ ಅವನ ಹಾಡು ನುಡಿಸ್ತಿದಾರೆ. ಆ ಕೆಂಪು ಕವರಿಂದ್ರಲ್ಲಿ ಎಲ್ರೂ ಅವರ ಹಾಡು ನುಡಿಸ್ತಿದಾರೆ."

ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಆಮೇಲೂ ಓದಲಿಲ್ಲ.

ಆ ಐದು ತಿಂಗಳಲ್ಲಿ ನಡೆದದ್ದನ್ನು ಹೊರಗಿನಿಂದ ನೋಡಿದರೆ ಬಹಳವೇನಿಲ್ಲ. ಬಿಬಿಸಿ ರೇಡಿಯೊ 1ರಲ್ಲಿ ಮಾರ್ಕ್ ರ್‍ಯಾಡ್‌ಕ್ಲಿಫ್ ಮೊದಲ ಆಲ್ಬಮ್ಮಿನ ಹಾಡು ಹಾಕಿದರು. ಜೀಪ್‌ಸ್ಟರ್ ಎಂಬ ಹೊಸ ಸಣ್ಣ ಕಂಪನಿ ಒಪ್ಪಂದ ಮಾಡಿಕೊಂಡಿತು. ಪ್ರಚಾರಕ್ಕೆ ಫೋಟೊ ಕೊಡುವುದಿಲ್ಲ, ಆಲ್ಬಮ್ಮಿನ ಹಾಡನ್ನು ಕಿತ್ತು ಸಿಂಗಲ್ ಮಾಡುವುದಿಲ್ಲ ಎಂಬ ಹಟಕ್ಕೂ ಕಂಪನಿ ತಲೆಯಾಡಿಸಿತು. ಪಿಟೀಲಿಗೆ ಸಾರಾ ಮಾರ್ಟಿನ್ ಬಂದು ಸೇರಿದಳು. ಅದೇ ಕಾ ವಾ ಸ್ಟುಡಿಯೊ. ಎಂಜಿನಿಯರ್ ಟೋನಿ ಡೂಗನ್ ಧ್ವನಿಮುದ್ರಣದ ಹೊಣೆ ಹೊತ್ತ. ಈ ಸಲವೂ ಸ್ಟುಡಿಯೊದಲ್ಲಿ ಕಳೆದ ದಿನ ಕೆಲವೇ ಕೆಲವು.

ಸಾಮಾನ್ಯವಾಗಿ ತಂಡಗಳಿಗೆ ಎರಡನೆಯ ಆಲ್ಬಮ್ ಗಂಡಾಂತರ. ಮೊದಲನೆಯದಕ್ಕೆ ಅಲ್ಲಿಯವರೆಗಿನ ಇಡೀ ಆಯುಷ್ಯದ ಸರಕು ಇರುತ್ತದೆ, ಎರಡನೆಯದಕ್ಕೆ ಸಿಗುವುದು ಒಂದು ವರ್ಷ, ಜೊತೆಗೆ ಕಂಪನಿಯ ಒತ್ತಡ. ಮ್ಯಾಂಚೆಸ್ಟರಿನ ಸ್ಟೋನ್ ರೋಸಸ್ ತಂಡ 1989ರಲ್ಲಿ ಮೊದಲ ಆಲ್ಬಮ್ಮಿನಿಂದ ದೇಶವನ್ನೇ ಕುಣಿಸಿ, ಎರಡನೆಯದನ್ನು ತರಲು 1994ರ ಡಿಸೆಂಬರ್ ತನಕ ಒದ್ದಾಡಿತು. ಅದು ಬಂದ ಮೇಲೆ ತಂಡವೇ ಹೆಚ್ಚು ದಿನ ಉಳಿಯಲಿಲ್ಲ. ಬೆಲ್ ಅಂಡ್ ಸೆಬಾಸ್ಟಿಯನ್ನಿಗೆ ಆ ಕಷ್ಟ ಬರಲಿಲ್ಲ. ಕಾಯಿಲೆಯ ವರ್ಷಗಳಲ್ಲಿ ಕೂಡಿಟ್ಟ ಹಾಡುಗಳು ಮುಗಿದಿರಲಿಲ್ಲ, ಹೊಸವೂ ಬರುತ್ತಲೇ ಇದ್ದವು. ಹಾಡಿನ ಚಿಂತೆ ಇಲ್ಲದ್ದರಿಂದ ಅವರ ಗಮನವೆಲ್ಲ ಒಬ್ಬರ ಜೊತೆ ಒಬ್ಬರು ಹೇಗಿರಬೇಕು ಎಂಬುದರ ಮೇಲೆ ನಿಂತಿತು ಅನ್ನುವುದು ನನ್ನ ನಂಬಿಕೆ.

ನಮ್ಮ ಕಡೆ ಮದುವೆ ಮನೆಯಲ್ಲಿ ಬಡಿಸುವ ಹುಡುಗರನ್ನು ನೋಡಿದ್ದೇನೆ. ಮೊದಲ ಪಂಕ್ತಿಯಲ್ಲಿ ಸಾರಿನವನು ಪಲ್ಯದವನಿಗೆ ಡಿಕ್ಕಿ ಹೊಡೆಯುತ್ತಾನೆ, ತುಪ್ಪದವನು ಎಲ್ಲಿ ಹೋದ ಎಂದು ಕೂಗು ಬೀಳುತ್ತದೆ. ಮೂರನೆಯ ಪಂಕ್ತಿಯ ಹೊತ್ತಿಗೆ ಯಾರೂ ಹೇಳದೆಯೇ ಒಬ್ಬ ಪಕ್ಕಕ್ಕೆ ಸರಿದು ಇನ್ನೊಬ್ಬನಿಗೆ ದಾರಿ ಕೊಡುತ್ತಿರುತ್ತಾನೆ. 'ಸಿನಿಸ್ಟರ್'ನಲ್ಲಿ ವಾದ್ಯಗಳು ಹಾಗೆ ದಾರಿ ಕೊಡುತ್ತವೆ. 'ದಿ ಫಾಕ್ಸ್ ಇನ್ ದಿ ಸ್ನೋ' ಹಾಡಿನಲ್ಲಿ ಪಿಯಾನೊ ಮತ್ತು ದನಿಗೆ ಇಡೀ ಜಾಗ ಬಿಟ್ಟು ಉಳಿದವರೆಲ್ಲ ಹಿಂದೆ ಸರಿದಿದ್ದಾರೆ. ಹಸಿದ ನರಿ, ಹಿಮದಲ್ಲಿನ ಹುಡುಗಿ, ಸೈಕಲ್ ಹೊಡೆಯುವ ಹುಡುಗ, ಇಂಥವರ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಡ್ರಮ್ಸಿನ ಅಗತ್ಯವಿಲ್ಲ ಎಂದು ಡ್ರಮ್ಸಿನವನಿಗೆ ಗೊತ್ತಿತ್ತು. 'ಮಿ ಅಂಡ್ ದಿ ಮೇಜರ್' ಬಂದಾಗ ಅದೇ ಜನ ಹಾರ್ಮೋನಿಕಾ ಹಿಡಿದು ರೈಲಿನ ವೇಗದಲ್ಲಿ ಓಡುತ್ತಾರೆ. ಕೊನೆಯ ಹಾಡು 'ಜೂಡಿ ಅಂಡ್ ದಿ ಡ್ರೀಮ್ ಆಫ್ ಹಾರ್ಸಸ್'. ಮೆಲ್ಲಗೆ ಶುರುವಾಗಿ, ಟ್ರಂಪೆಟ್ಟು ಮತ್ತು ಶಾಲೆಯ ಮಕ್ಕಳು ಊದುವ ರೆಕಾರ್ಡರ್ ಕೊಳಲು ಸೇರಿ ದೊಡ್ಡದಾಗುತ್ತದೆ. ದೊಡ್ಡದಾದರೂ ದನಿಯ ಒಂದಕ್ಷರವೂ ಮುಚ್ಚಿಹೋಗುವುದಿಲ್ಲ. ಮೊದಲ ಆಲ್ಬಮ್ಮಿನಲ್ಲಿ ಈ ಹಾಡು ಬಂದಿದ್ದರೆ ಎರಡನೆಯ ಚರಣಕ್ಕೇ ಎಲ್ಲರೂ ನುಗ್ಗಿಬಿಡುತ್ತಿದ್ದರು.

ಬೆಳೆಯುವುದು ಎಂದರೆ ದೊಡ್ಡ ಸ್ಟುಡಿಯೊ, ಹೆಚ್ಚು ವಾದ್ಯ, ಹೆಚ್ಚು ಸದ್ದು ಎಂದುಕೊಂಡಿದ್ದ ಕಾಲದಲ್ಲಿ ಇವರು ಸದ್ದು ಕಡಿಮೆ ಮಾಡಿಕೊಂಡು ಬೆಳೆದರು. ಇದನ್ನು ನಾನು ಬರೀ ಸಂಗೀತದ ಮಾತಾಗಿ ಕೇಳಿಸಿಕೊಳ್ಳಲಿಲ್ಲ. ಅದಕ್ಕೆ ಕಾರಣ ನನ್ನ ಕೆಲಸ.

ಆ ಚಳಿಗಾಲದಲ್ಲಿ ನಮ್ಮ ಹೊರರೋಗಿ ವಿಭಾಗಕ್ಕೆ ಒಬ್ಬ ಯುವತಿ ಬರುತ್ತಿದ್ದಳು. ಕಾಲೇಜು ಬಿಟ್ಟು ಮನೆ ಸೇರಿದ್ದಳು. ಮೆಟ್ಟಿಲು ಹತ್ತಿದರೆ ಮರುದಿನವೆಲ್ಲ ಹಾಸಿಗೆ. ರಕ್ತಪರೀಕ್ಷೆ ಎಲ್ಲವೂ ನಾರ್ಮಲ್. ಹಿರಿಯರೊಬ್ಬರು ಫೈಲು ಮುಚ್ಚುತ್ತ, ಮನಸ್ಸು ಗಟ್ಟಿ ಮಾಡಿಕೊಂಡು ದಿನಾ ಸ್ವಲ್ಪ ಸ್ವಲ್ಪ ವ್ಯಾಯಾಮ ಹೆಚ್ಚಿಸಲಿ ಎಂದರು. ಆ ಕಾಲದ ಪಾಠವೇ ಅದು. ಪತ್ರಿಕೆಗಳು ಎಂ.ಇ. ಕಾಯಿಲೆಗೆ ಅಣಕದ ಹೆಸರಿಟ್ಟಿದ್ದವು. ಅದು ನಿಜವಾದ ಕಾಯಿಲೆ, ರೋಗಿಗಳನ್ನು ನಂಬಿ ಎಂದು ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿಗೆ ಸಲ್ಲಿಸಿದ ವರದಿ ಹೇಳಿದ್ದು 2002ರಲ್ಲಿ. ವ್ಯಾಯಾಮವನ್ನು ಹಂತಹಂತವಾಗಿ ಏರಿಸುವ ಚಿಕಿತ್ಸೆ ಕೊಡಬಾರದು ಎಂದು ಅಲ್ಲಿನ ಮಾರ್ಗಸೂಚಿ ಬದಲಾದದ್ದು 2021ರಲ್ಲಿ. ಅಷ್ಟು ವರ್ಷ ಬೇಕಾಯಿತು. ಆ ಹುಡುಗಿ ಕುರ್ಚಿಯಲ್ಲಿ ಕೂತಿದ್ದ ರೀತಿ ನನ್ನ ಕಣ್ಣಿಗೆ ಕಟ್ಟಿದೆ: ಕೋಟಿನ ಗುಂಡಿ ಬಿಚ್ಚಿರಲಿಲ್ಲ, ಬಿಚ್ಚಿ ಮತ್ತೆ ಹಾಕಿಕೊಳ್ಳುವ ಶಕ್ತಿಯನ್ನು ಬಸ್ಸಿಗೆಂದು ಉಳಿಸಿಟ್ಟುಕೊಂಡಿದ್ದಳು. ಅವಳೇ ಹೇಳಿದ ಮಾತದು.

ಅಂದು ರೂಮಿಗೆ ಬಂದು 'ದಿ ಸ್ಟಾರ್ಸ್ ಆಫ್ ಟ್ರ್ಯಾಕ್ ಅಂಡ್ ಫೀಲ್ಡ್' ಹಾಕಿದಾಗ ಹಾಡು ಬೇರೆಯಾಗಿಯೇ ಕೇಳಿಸಿತು. ಓಟಗಾರರನ್ನು ಬದಿಯಲ್ಲಿ ನಿಂತು ನೋಡುವ ಆ ಹಾಡು ಬರೆದವನು ವರ್ಷಗಟ್ಟಲೆ ಮೈ ಮಾತು ಕೇಳದೆ ಮಲಗಿದ್ದವನು. ಅವನ ದನಿ ಸಣ್ಣದಾಗಿರುವುದು ಶೋಕಿಗಲ್ಲ. ಇರುವ ಶಕ್ತಿಯನ್ನು ಎಲ್ಲಿ ಎಷ್ಟು ಖರ್ಚು ಮಾಡಬೇಕೆಂದು ಬಲ್ಲವನ ದನಿ ಅದು. ಎರಡನೆಯ ಆಲ್ಬಮ್ಮಿನಲ್ಲಿ ಉಳಿದ ಆರು ಜನ ಆ ಲೆಕ್ಕವನ್ನು ತಮ್ಮದಾಗಿಸಿಕೊಂಡರು. ಅವನ ಉಸಿರಿಗೆ ತಮ್ಮ ಉಸಿರನ್ನು ಹೊಂದಿಸಿಕೊಂಡರು. ನನ್ನ ತಮ್ಮ ಫೋನಿನಲ್ಲಿ ಹೇಳಿದ್ದು ಇದನ್ನೇ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ದಾರಿ. 1997ರಲ್ಲಿ ಒಂದರ ಹಿಂದೊಂದು ಮೂರು ಇ.ಪಿ.ಗಳು, 1998ರಲ್ಲಿ ಮೂರನೆಯ ಆಲ್ಬಮ್, 1999ರಲ್ಲಿ ಬ್ರಿಟ್ ಸಮಾರಂಭದಲ್ಲಿ ಹೊಸಬರ ಪ್ರಶಸ್ತಿ. ಸ್ಟುವರ್ಟ್ ಡೇವಿಡ್ 2000ದಲ್ಲಿ, ಇಸೊಬೆಲ್ ಕ್ಯಾಂಪ್‌ಬೆಲ್ 2002ರಲ್ಲಿ ತಂಡ ಬಿಟ್ಟರು. ನಾನೂ ಗ್ಲಾಸ್ಗೋ ಬಿಟ್ಟು ಇಂಗ್ಲೆಂಡಿನ ದಕ್ಷಿಣಕ್ಕೆ ಬಂದೆ.

ಜನ ತಲೆಯ ಮೇಲೆ ಹೊತ್ತು ಮೆರೆಸಿದ ಆ ಎರಡನೆಯ ಆಲ್ಬಮ್ಮಿನ ಬಗ್ಗೆ ಮರ್ಡಾಕನಿಗೇ ಸಮಾಧಾನವಿರಲಿಲ್ಲ. ಹಾಡುಗಳು ಚೆನ್ನಾಗಿವೆ, ಧ್ವನಿಮುದ್ರಣ ಅವಕ್ಕೆ ನ್ಯಾಯ ಒದಗಿಸಲಿಲ್ಲ ಎನ್ನುವುದು ಅವನ ಅಳಲು. ಹಾಗಾಗಿ 2005ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಬಾರ್ಬಿಕನ್ ಸಭಾಂಗಣದಲ್ಲಿ ಇಡೀ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಅದೇ ಕ್ರಮದಲ್ಲಿ ನುಡಿಸಿದರು. ನಾನು ಹೋಗಿದ್ದೆ. ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಮನೆಯಂಗಳ ಅದು. ಮೊದಲ ಹಾಡಿನ ಗಿಟಾರಿಗೇ ಸುತ್ತಲಿನವರು ನಿಟ್ಟುಸಿರು ಬಿಟ್ಟರು. ಟೇಪಿನಲ್ಲಿ ಮಸುಕಾಗಿದ್ದ ಎಷ್ಟೋ ಎಳೆಗಳು ಅಂದು ಸ್ಪಷ್ಟವಾಗಿ ಕೇಳಿದವು. ಚೆಲ್ಲೊ ಎಲ್ಲಿ ಬರುತ್ತದೆ, ಆರ್ಗನ್ ಎಲ್ಲಿ ಹೋಗುತ್ತದೆ ಎಂದು ನನಗೆ ಪೂರ್ತಿ ತಿಳಿದದ್ದೇ ಅಂದು.

ಎರಡು ವಾರ ಕಳೆಯುವಷ್ಟರಲ್ಲಿ, ಅಕ್ಟೋಬರ್ 8ರಂದು, ಕಾಶ್ಮೀರದಲ್ಲಿ ಭೂಕಂಪವಾಯಿತು. ಗಡಿಯ ಎರಡೂ ಕಡೆ ಊರಿಗೆ ಊರೇ ನೆಲಸಮವಾಗಿದ್ದ ದಿನಗಳು. ನಮ್ಮ ಆಸ್ಪತ್ರೆಯ ಭಾರತೀಯ, ಪಾಕಿಸ್ತಾನಿ ಡಾಕ್ಟರುಗಳೆಲ್ಲ ಸೇರಿ ಹಣ ಕೂಡಿಸುತ್ತಿದ್ದೆವು. ಬಾರ್ಬಿಕನ್‌ನ ಆ ಸಂಜೆಯ ಧ್ವನಿಮುದ್ರಣವನ್ನು ತಂಡದವರು ಡಿಸೆಂಬರಿನಲ್ಲಿ ಐಟ್ಯೂನ್ಸ್‌ನಲ್ಲಿ ಬಿಡುಗಡೆ ಮಾಡಿ, ಬಂದ ಹಣವನ್ನು ಭೂಕಂಪ ಪರಿಹಾರ ನಿಧಿಗೆ ಕೊಟ್ಟರು. ನಾನು ಅಂತರ್ಜಾಲದಲ್ಲಿ ದುಡ್ಡು ಕೊಟ್ಟು ಕೊಂಡ ಮೊದಲ ಆಲ್ಬಮ್ ಅದೇ. ಸಿ.ಡಿ.ಗೆ ಹಾಕಿ ತಮ್ಮನಿಗೂ ಕಳಿಸಿದೆ.

ಅವನಿಗೆ ಅದು ಪ್ರಾಣ. ಈಗ ಹಾಸನದಲ್ಲಿ ಮಕ್ಕಳಿಗೆ ಕೀಬೋರ್ಡ್ ಕಲಿಸುತ್ತಾನೆ. ಸ್ವಲ್ಪ ಕೈ ಪಳಗಿದವರಿಗೆ ಈ ಹಾಡುಗಳನ್ನೂ ಕೇಳಿಸುತ್ತಾನೆ, ಕೇಳಿಸುವುದು ಬಾರ್ಬಿಕನ್‌ನದ್ದನ್ನೇ. "ನೋಡಕ್ಕ, ಇದ್ರಲ್ಲಿ ಒಂದು ಸ್ವರ ಆಚೀಚೆ ಇಲ್ಲ. ಮಾಡಿದವನಿಗೇ ಮೊದಲಿನದು ಸರಿ ಬರ್ಲಿಲ್ಲ ಅಂದ್ಮೇಲೆ ನಿಂದೇನು ವಾದ?" ಎನ್ನುತ್ತಾನೆ.

ನನ್ನ ವಾದ ಇದು. 2005ರಲ್ಲಿ ವೇದಿಕೆಯ ಮೇಲಿದ್ದವರಿಗೆ ಆ ಹಾಡುಗಳು ಕರತಲಾಮಲಕವಾಗಿದ್ದವು. ಮುಂದೆ ಏನು ಬರುತ್ತದೆಂದು ಗೊತ್ತಿದ್ದವರ ನುಡಿಸುವಿಕೆ ಅದು. 1996ರ ಧ್ವನಿಮುದ್ರಣದಲ್ಲಿ ಅವರಿಗೆ ಇನ್ನೂ ಪೂರ್ತಿ ಗೊತ್ತಿಲ್ಲ. ಮರ್ಡಾಕ್ ಒಂದು ಸಾಲು ಹಾಡುತ್ತಾನೆ, ಉಳಿದವರು ಕಿವಿಗೊಡುತ್ತಾರೆ, ಆಮೇಲೆ ಕೈ ಆಡಿಸುತ್ತಾರೆ. ಆ ಕಿವಿಗೊಡುವ ಒಂದು ಕ್ಷಣ, ಡ್ರಮ್ಸು ಬೀಳುವ ಮೊದಲಿನ ಆ ಅರೆಗಳಿಗೆ, ರೆಕಾರ್ಡಿನಲ್ಲಿ ಉಳಿದುಕೊಂಡಿದೆ. ಮರ್ಡಾಕನಿಗೆ ಕೊರತೆಯಾಗಿ ಕಂಡದ್ದು ಅದೇ ಇರಬಹುದು. ತಂಡ ಆಗಷ್ಟೇ ತಂಡವಾಗುತ್ತಿರುವುದು ನನಗೆ ಕೇಳಿಸುವುದು ಅಲ್ಲೇ, ಹಾಗಾಗಿ ಅದನ್ನು ಬಿಟ್ಟುಕೊಡಲು ನಾನು ತಯಾರಿಲ್ಲ.

ಹೋದ ಸಲ ಊರಿಗೆ ಹೋದಾಗ ಇಬ್ಬರೂ ಅವನ ಕ್ಲಾಸಿನಲ್ಲಿ ಕೂತು ಎರಡನ್ನೂ ಒಂದರ ಮೇಲೊಂದು ಹಾಕಿ ಕೇಳಿದೆವು. ತರಗತಿಗೆ ಬೇಗ ಬಂದಿದ್ದ ಹೈಸ್ಕೂಲು ಹುಡುಗಿಯೊಬ್ಬಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತ ನಿಂತಳು. ಯಾವುದು ಚೆನ್ನಾಗಿದೆ ಹೇಳು ಮಗಳೇ ಎಂದು ತಮ್ಮ ಅವಳನ್ನೇ ಕೇಳಿದ. ಅವಳು ಎರಡನ್ನೂ ಇನ್ನೊಂದು ಸಲ ಹಾಕಿ ಸರ್ ಎಂದಳು.